ಕಾಣಿಕೆಯ ಅರಮನೆ

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಬ್ರೆಜಿಲ್ ಎಂಬುದು ಭೂಪಟದ ಆಚೆಯ ಅಂಚಿನಲ್ಲಿರುವ ಬರಿಯ ಹೆಸರಲ್ಲ. ಬೇಸಗೆ ಬಂತೆಂದರೆ ಇಲ್ಲಿನ ಗುಡ್ಡಗಳಲ್ಲೆಲ್ಲ ಕಂಪು ಹರಡುವ ಗೇರುಹಣ್ಣಿನ ತವರು ಆ ನಾಡು. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂದಿಳಿಯಿತು. ಒಂದೇ ಸಾಮ್ರಾಜ್ಯದ ಎರಡು ತುದಿಗಳಾಗಿ ಗೋವೆಯೂ ಬ್ರೆಜಿಲ್ಲೂ ಸುಮಾರು ಮೂರು ಶತಮಾನಗಳ ಕಾಲ ಲಿಸ್ಬನ್ನಿನ ಆಜ್ಞೆಗೆ ತಲೆಬಾಗಿದ್ದವು. ಬ್ರೆಜಿಲ್ 1822ರ ಸೆಪ್ಟೆಂಬರ್ 7ರಂದು ತಾನು ಸ್ವತಂತ್ರವೆಂದು ಸಾರಿತು. ಗೋವೆ ಆ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದು 1961ರ ಡಿಸೆಂಬರ್ 19ರಂದು.

ಆ ಹಡಗುಗಳಲ್ಲಿ ಗೇರುಬೀಜವಷ್ಟೇ ಬರಲಿಲ್ಲ, ಮನುಷ್ಯರೂ ಬಂದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ ಬಾಳುತ್ತಿರುವ ನಮ್ಮ ಸಿದ್ದಿ ಬಂಧುಗಳ ಪೂರ್ವಿಕರಲ್ಲಿ ಅನೇಕರು ಆಫ್ರಿಕೆಯಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಇಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಘಟ್ಟವನ್ನೇರಿದವರು. ಪೂರ್ವ ಆಫ್ರಿಕೆಯ ಮೊಜಾಂಬಿಕ್ 1752ರವರೆಗೆ ಗೋವೆಯ ಆಡಳಿತಕ್ಕೇ ಒಳಪಟ್ಟಿತ್ತು. ಅದೇ ತೀರದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಗುಲಾಮರನ್ನು ತುಂಬಿದ ಹಡಗುಗಳು ರಿಯೊ ಡಿ ಜನೈರೊ ನಗರದತ್ತ ಸಾಗಿದವು. ಯಲ್ಲಾಪುರದ ಕಡೆ ಹೋದಾಗ ಡಮಾಮಿಯ ಬಡಿತಕ್ಕೆ ನಾವು ತಲೆದೂಗಿದ್ದುಂಟು. ಆ ಜನರ ದೂರದ ಒಡಹುಟ್ಟಿದವರು ಅಟ್ಲಾಂಟಿಕ್ಕಿನ ಆಚೆಗೂ ಸಾಗಿಸಲ್ಪಟ್ಟರೆಂಬುದನ್ನು ಅರಿತ ಮೇಲೆ, ಬ್ರೆಜಿಲ್ಲಿನ ಸ್ವಾತಂತ್ರ್ಯದ ಕಥೆಯನ್ನು ನಾವು ಓದುವ ಬಗೆಯೇ ಬದಲಾಯಿತು. ಒಂದು ವಸಾಹತು ಸ್ವತಂತ್ರವಾಗುವಾಗ ಅಲ್ಲಿನ ಗುಲಾಮ ವ್ಯಾಪಾರಿಗಳು ಎಲ್ಲಿ ನಿಂತಿದ್ದರು ಎಂಬ ಪ್ರಶ್ನೆ ನಮ್ಮನ್ನು ಬಿಡದೆ ಕಾಡತೊಡಗಿತು.

ಉತ್ತರ ಸರಳವಾಗಿದೆ: ಅವರು ಸಭೆಯ ಮೊದಲ ಸಾಲಿನಲ್ಲಿಯೇ ಇದ್ದರು. ಗುಲಾಮ ವ್ಯಾಪಾರಿಯೆಂದರೆ ಕೈಯಲ್ಲಿ ಚಾವಟಿ ಹಿಡಿದು ಬಂದರಿನಲ್ಲಿ ನಿಂತ ಕ್ರೂರಿ ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ರಿಯೊ ನಗರದ ವ್ಯಾಪಾರಿ ಹಾಗಿರಲಿಲ್ಲ. ಆತ ಊರಿನ ಗಣ್ಯ. ಹಡಗುಗಳ ಒಡೆಯ, ತೋಟದವರಿಗೆ ಸಾಲ ಕೊಡುವ ಸಾಹುಕಾರ, ವಿಮಾ ವ್ಯವಹಾರದ ಪಾಲುದಾರ, ಧರ್ಮಸಂಸ್ಥೆಗಳ ದಾನಿ. ಅಟ್ಲಾಂಟಿಕ್ ದಾಟಿಸಲೆಂದು ಹಡಗೇರಿಸಲ್ಪಟ್ಟ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರಲ್ಲಿ ಹತ್ತಿರ ಹತ್ತಿರ 48 ಲಕ್ಷ ಜನ ಇಳಿದದ್ದು ಬ್ರೆಜಿಲ್ಲಿನಲ್ಲಿ. ಅಷ್ಟು ದೊಡ್ಡ ವ್ಯಾಪಾರದ ಲಾಭ ಕೈಗೂಡಿದವರ ಮಾತನ್ನು ಮೀರಿ ನಡೆಯಬಲ್ಲ ಅಧಿಕಾರಿ ಯಾರಿದ್ದಾನು?

ನೆಪೋಲಿಯನ್ನನ ಸೈನ್ಯಕ್ಕೆ ಅಂಜಿ ಪೋರ್ಚುಗಲ್ಲಿನ ರಾಜಪರಿವಾರ 1808ರಲ್ಲಿ ರಿಯೊ ನಗರಕ್ಕೆ ಬಂದಿಳಿಯಿತು. ರಾಜ್ಯವಾಳುತ್ತಿದ್ದ ದೊಂ ಜುವಾಂವ್‌ಗೆ ತಕ್ಕ ಮನೆ ಅಲ್ಲಿರಲಿಲ್ಲ. ಆಗ ಎಲಿಯಾಸ್ ಆಂಟೊನಿಯೊ ಲೋಪೆಸ್ ಎಂಬ ವರ್ತಕ ನಗರದ ಹೊರಗೆ ತಾನು ಕಟ್ಟಿಸಿಕೊಂಡಿದ್ದ ವಿಶಾಲವಾದ ಭವನವನ್ನು ಕಾಣಿಕೆಯಾಗಿ ಒಪ್ಪಿಸಿದ. ಅವನ ವ್ಯವಹಾರಗಳಲ್ಲಿ ಗುಲಾಮರ ಮಾರಾಟವೂ ಒಂದು. ಕಾಣಿಕೆಗೆ ಪ್ರತಿಯಾಗಿ ಬಿರುದುಗಳು, ಹುದ್ದೆಗಳು ಅವನನ್ನು ಅರಸಿ ಬಂದವು. ಅದೇ ವರ್ಷ ಸ್ಥಾಪನೆಯಾದ ಬ್ಯಾಂಕ್ ಆಫ್ ಬ್ರೆಜಿಲ್‌ನ ಷೇರುದಾರರಲ್ಲಿಯೂ ಗುಲಾಮ ವ್ಯಾಪಾರಿಗಳಿದ್ದರು. ಸ್ವತಂತ್ರ ಬ್ರೆಜಿಲ್ಲಿನ ಚಕ್ರವರ್ತಿಗಳು ವಾಸಿಸಿದ್ದು ಆ ಕಾಣಿಕೆಯ ಅರಮನೆಯಲ್ಲಿ; ಎರಡನೆಯ ಪೆದ್ರೊ ಹುಟ್ಟಿದ್ದೂ ಅಲ್ಲಿಯೇ. ಮುಂದೆ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ, 2018ರ ಸೆಪ್ಟೆಂಬರ್ 2ರ ರಾತ್ರಿ ಬೆಂಕಿಗೆ ಆಹುತಿಯಾದದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದೆವು. ಆ ಕಟ್ಟಡದ ಮೊದಲ ಒಡೆಯನ ಸಂಗತಿ ನಮ್ಮ ಗಮನಕ್ಕೆ ಬಂದದ್ದು ಅನಂತರ.

ಲಿಸ್ಬನ್ನಿನ ಶಾಸನಸಭೆ ಬ್ರೆಜಿಲ್ಲನ್ನು ಮತ್ತೆ ಹಳೆಯ ವಸಾಹತಿನ ಸ್ಥಿತಿಗೆ ಇಳಿಸಲು ಹೊರಟಾಗ, ರಾಜಕುಮಾರ ಪೆದ್ರೊ ಸ್ವಾತಂತ್ರ್ಯವನ್ನು ಸಾರಿದ. ರಿಯೊ ನಗರದ ಸಿರಿವಂತರು ಅವನ ಬೆನ್ನಿಗೆ ನಿಂತರು. ಅವರ ದೇಶಪ್ರೇಮ ಪೊಳ್ಳೆಂದು ನಾವು ಹೇಳಲಾರೆವು. ಆದರೆ ಆ ಪ್ರೇಮದೊಳಗೆ ಒಂದು ಲೆಕ್ಕಾಚಾರವೂ ಅಡಗಿತ್ತು. ರಿಯೊ ನಗರಕ್ಕೂ ಆಫ್ರಿಕೆಯ ಅಂಗೋಲಕ್ಕೂ ನಡುವೆ ಲಿಸ್ಬನ್ನನ್ನು ಬಳಸದೆ ನೇರವಾಗಿಯೇ ಹಡಗುಗಳು ಓಡಾಡುತ್ತಿದ್ದವು. ಈ ನಂಟು ಎಷ್ಟು ಗಾಢವಾಗಿತ್ತೆಂದರೆ, ಅಂಗೋಲದ ಬೆಂಗೇಲಾ ಬಂದರಿನ ಕೆಲವರು ತಾವೂ ಬ್ರೆಜಿಲ್ಲಿಗೆ ಸೇರಬೇಕೆಂದು ಹಂಬಲಿಸಿದರು. ಪೋರ್ಚುಗಲ್ ತನ್ನ ಹಳೆಯ ವಸಾಹತನ್ನು ಸ್ವತಂತ್ರ ದೇಶವೆಂದು ಒಪ್ಪಿಕೊಂಡ 1825ರ ಒಪ್ಪಂದದಲ್ಲಿ, ಪೋರ್ಚುಗಲ್ಲಿನ ಯಾವ ವಸಾಹತು ಸೇರ ಬಯಸಿದರೂ ಬ್ರೆಜಿಲ್ ಅದನ್ನು ಸ್ವೀಕರಿಸಬಾರದೆಂಬ ಷರತ್ತನ್ನೇ ಬರೆಯಬೇಕಾಯಿತು.

ಬೇರೆ ದಾರಿಯನ್ನು ಕಂಡವರು ಇರಲಿಲ್ಲವೆಂದಲ್ಲ. ಬ್ರೆಜಿಲ್ಲಿನ ಸ್ವಾತಂತ್ರ್ಯದ ಶಿಲ್ಪಿಯೆಂದೇ ಹೆಸರಾದ ಜೊಸೆ ಬೊನಿಫಾಸಿಯೊ ಗುಲಾಮ ವ್ಯಾಪಾರವನ್ನು ನಿಲ್ಲಿಸಿ, ಗುಲಾಮಗಿರಿಯನ್ನು ಹಂತಹಂತವಾಗಿ ತೊಡೆಯಬೇಕೆಂಬ ಮನವಿಯನ್ನು ಸಂವಿಧಾನ ಸಭೆಗಾಗಿ 1823ರಲ್ಲಿ ಸಿದ್ಧಪಡಿಸಿದರು. ಅದು ಮಂಡನೆಯಾಗುವ ಮೊದಲೇ, ನವೆಂಬರ್ ತಿಂಗಳಿನಲ್ಲಿ, ಚಕ್ರವರ್ತಿ ಸಭೆಯನ್ನೇ ವಿಸರ್ಜಿಸಿದ; ಬೊನಿಫಾಸಿಯೊ ಗಡೀಪಾರಾದರು. ಮನವಿ ಅಚ್ಚಾದದ್ದು 1825ರಲ್ಲಿ, ದೂರದ ಪ್ಯಾರಿಸ್ಸಿನಲ್ಲಿ. 1824ರಲ್ಲಿ ಜಾರಿಗೆ ಬಂದ ಸಂವಿಧಾನವಾದರೋ ಸ್ವಾತಂತ್ರ್ಯ, ಸಮಾನತೆ, ಆಸ್ತಿಯ ಹಕ್ಕುಗಳನ್ನು ಉದಾರವಾಗಿ ಘೋಷಿಸಿತು. ಗುಲಾಮ ಎಂಬ ಶಬ್ದ ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ.

ಹೊಸ ದೇಶಕ್ಕೆ ಮನ್ನಣೆ ನೀಡುವ ಬೆಲೆಯಾಗಿ ಇಂಗ್ಲೆಂಡು ಗುಲಾಮ ವ್ಯಾಪಾರದ ನಿಷೇಧವನ್ನು ಕೇಳಿತು. 1826ರ ಒಪ್ಪಂದ ಅದಕ್ಕೆ ಮೂರು ವರ್ಷಗಳ ಗಡುವು ಹಾಕಿತು. ಆಗ ಬ್ರೆಜಿಲ್ಲಿನ ಸಂಸತ್ತಿನಲ್ಲಿ ಎದ್ದ ಆಕ್ಷೇಪದ ದನಿ ನಮ್ಮನ್ನು ಬಹುಕಾಲ ಚಿಂತೆಗೀಡುಮಾಡಿದೆ. ಮನುಷ್ಯರನ್ನು ಮಾರುವ ಹಕ್ಕು ನಮಗಿರಲಿ ಎಂದಷ್ಟೇ ಅವರು ವಾದಿಸಲಿಲ್ಲ. ಇದು ರಾಷ್ಟ್ರದ ಮಾನಕ್ಕೆ ಕುಂದು, ನಮ್ಮ ಸಾರ್ವಭೌಮತ್ವದಲ್ಲಿ ಪರಕೀಯರು ಕೈಯಾಡಿಸುತ್ತಿದ್ದಾರೆ ಎಂದರು. ಇಂಗ್ಲೆಂಡಿಗೆ ತನ್ನದೇ ಸ್ವಾರ್ಥವಿದ್ದುದೂ ನಿಜವೇ. ಆದರೂ ಸ್ವಾತಂತ್ರ್ಯ ಹೋರಾಟದಿಂದ ಹುಟ್ಟಿದ ಪವಿತ್ರವಾದ ಮಾತುಗಳು ಸರಪಳಿಯನ್ನು ಕಾಯುವ ಗುರಾಣಿಯಾದವು. ಹಣದಿಂದ ಮತಗಳನ್ನು ಕೊಳ್ಳುವ ಪ್ರಭಾವವನ್ನು ಗುರುತಿಸುವುದು ಸುಲಭ. ನಮ್ಮ ಭಾವನೆಗಳ ಭಾಷೆಯನ್ನೇ ತನ್ನದಾಗಿಸಿಕೊಳ್ಳುವ ಪ್ರಭಾವವನ್ನು ಗುರುತಿಸುವುದು ಕಷ್ಟ.

1831ರ ನವೆಂಬರ್ 7ರ ಕಾನೂನು, ಆ ಬಳಿಕ ಹೊರಗಿನಿಂದ ಬ್ರೆಜಿಲ್ಲಿಗೆ ಬಂದಿಳಿಯುವ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರಿತು. ಆರಂಭದಲ್ಲಿ ವ್ಯಾಪಾರ ಕುಗ್ಗಿತು. ಕಾಫಿ ತೋಟಗಳು ಹಬ್ಬಿದಂತೆ ಅದು ಮತ್ತೆ ತಲೆಯೆತ್ತಿತು. ಕಾನೂನಿನ ಪುಸ್ತಕ ಹಾಗೆಯೇ ಇತ್ತು. ಊರಿನ ನ್ಯಾಯಾಧಿಕಾರಿ ತೋಟದ ಒಡೆಯರ ಮತದಿಂದಲೇ ಆರಿಸಿ ಬಂದವನಾಗಿದ್ದ, ಹಡಗು ರಾತ್ರಿಯ ಹೊತ್ತು ನಿರ್ಜನ ತೀರದಲ್ಲಿ ಲಂಗರು ಹಾಕುತ್ತಿತ್ತು. 1850ರವರೆಗೆ ಹೀಗೆ ಕಾನೂನುಬಾಹಿರವಾಗಿ ತರಲ್ಪಟ್ಟವರು 7 ಲಕ್ಷಕ್ಕೂ ಹೆಚ್ಚು. ತೋರಿಕೆಗಷ್ಟೇ ಮಾಡುವ ಕೆಲಸವನ್ನು ಬ್ರೆಜಿಲ್ಲಿನ ಜನ ಇಂದಿಗೂ ‘ಇಂಗ್ಲಿಷರ ಕಣ್ಣಿಗಾಗಿ’ ಎನ್ನುತ್ತಾರೆ. ಆ ನುಡಿಗಟ್ಟನ್ನು ಈ ಕಾನೂನಿನೊಂದಿಗೇ ಜೋಡಿಸಿ ಹೇಳುವುದು ರೂಢಿ. ಇಂಗ್ಲಿಷ್ ಯುದ್ಧನೌಕೆಗಳ ಒತ್ತಡದಡಿ 1850ರಲ್ಲಿ ವ್ಯಾಪಾರಕ್ಕೆ ನಿಜವಾದ ತಡೆ ಬಿತ್ತು. ಗುಲಾಮಗಿರಿ ಕೊನೆಗೊಂಡದ್ದು 1888ರ ಮೇ 13ರಂದು, ಸ್ವಾತಂತ್ರ್ಯ ಬಂದು 66 ವರ್ಷಗಳಾಗುವ ಹೊತ್ತಿಗೆ.

ಆದರೆ ಸತ್ತ ಕಾನೂನಿಗೂ ಜೀವ ಕೊಡಬಲ್ಲವರು ಇರುತ್ತಾರೆ. ಲುಯಿಸ್ ಗಾಮಾ ಸ್ವತಂತ್ರಳಾದ ಆಫ್ರಿಕನ್ ತಾಯಿಯ ಮಗ. ಹತ್ತನೆಯ ವಯಸ್ಸಿನಲ್ಲಿ ಸ್ವಂತ ತಂದೆಯೇ ಅವರನ್ನು ಮಾರಿಬಿಟ್ಟ. ತಾರುಣ್ಯದಲ್ಲಿ ಅಕ್ಷರ ಕಲಿತು, ಬಿಡುಗಡೆ ಪಡೆದು, ಪದವಿಯಿಲ್ಲದೆಯೇ ನ್ಯಾಯಾಲಯದ ಮೆಟ್ಟಿಲೇರಿದ ಗಾಮಾ, ತೋರಿಕೆಯದೆಂದು ಎಲ್ಲರೂ ನಕ್ಕಿದ್ದ 1831ರ ಅದೇ ಕಾನೂನನ್ನು ಮುಂದಿಟ್ಟು ವಾದಿಸಿದರು. ಹೀಗೆ ಅವರು ನ್ಯಾಯಾಲಯದ ಮೂಲಕ ಬಿಡಿಸಿದ ಜನ 500ಕ್ಕೂ ಹೆಚ್ಚು. ಗಡಿಯಾಚೆ ಬಾಳುವ ನಮಗೆ ಈ ಪ್ರಸಂಗ ವಿಶೇಷವಾಗಿ ಪ್ರಿಯ. ಭಾಷಾ ಅಲ್ಪಸಂಖ್ಯಾತರಿಗೆ ಕಾಗದದ ಮೇಲೆ ದೊರೆತ ಭರವಸೆಗೂ ಶಾಲೆಯ ಬಾಗಿಲಿಗೂ ನಡುವಣ ದೂರವನ್ನು ನಾವು ಬಲ್ಲೆವು. ನಮ್ಮ ಕಷ್ಟವನ್ನು ಗುಲಾಮಗಿರಿಯೊಂದಿಗೆ ತೂಗುವುದು ಅಪಚಾರವಾದೀತು. ಆದರೂ ಬರೆದಿಟ್ಟ ಕಾನೂನನ್ನು ನಂಬಿ ಹಟ ಬಿಡದೆ ಬಾಗಿಲು ತಟ್ಟುವ ಪಾಠವನ್ನು ಗಾಮಾ ಅವರಿಂದ ಕಲಿಯಬಹುದು.

ರಿಯೊ ನಗರದ ವಲೊಂಗೊ ಬಂದರಿನಲ್ಲಿ ಸುಮಾರು 9 ಲಕ್ಷ ಆಫ್ರಿಕನ್ನರು ಇಳಿದರೆಂದು ಅಂದಾಜು. 1843ರಲ್ಲಿ ಹೊಸ ಚಕ್ರವರ್ತಿನಿಯ ಸ್ವಾಗತಕ್ಕಾಗಿ ಅದರ ಮೇಲೆ ಅಂದವಾದ ಕಲ್ಲುಗಳನ್ನು ಹಾಸಲಾಯಿತು. 2011ರಲ್ಲಿ ಬಂದರು ಪ್ರದೇಶದ ಕಾಮಗಾರಿಗಾಗಿ ಅಗೆದಾಗ ಹಳೆಯ ಕಲ್ಲುಹಾಸು ಮತ್ತೆ ಬೆಳಕು ಕಂಡಿತು. 2017ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2023ರಲ್ಲಿ ಬ್ಯಾಂಕ್ ಆಫ್ ಬ್ರೆಜಿಲ್ ತನ್ನ ಹಿಂದಣ ನಂಟಿಗಾಗಿ ಕಪ್ಪು ಜನರ ಕ್ಷಮೆ ಕೋರಿತು. ಕಾಣಿಕೆ ಕೊಟ್ಟ ವರ್ತಕನಿಗೆ ಬಿರುದು ಬೇಗನೆ ಬಂದಿತ್ತು. ಕ್ಷಮೆಯ ಮಾತಿಗೆ ಎರಡು ಶತಮಾನ ಬೇಕಾಯಿತು. ನಮ್ಮ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆತದ್ದು 2003ರಲ್ಲಿ. ಅವರೊಳಗಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನಲ್ಲಿ ಆಸನ ಪಡೆದದ್ದು 2020ರಲ್ಲಿ.

ಇಷ್ಟನ್ನು ಒಂದು ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಬರೆಯಲು ಕಾರಣವುಂಟು. ಸಂಘಗಳೂ ಕಾಣಿಕೆಯಿಂದಲೇ ನಡೆಯುತ್ತವೆ. ನಿವೇಶನ ಕೊಟ್ಟವರನ್ನು, ಚಪ್ಪರದ ವೆಚ್ಚ ಹೊತ್ತವರನ್ನು ಶಾಲು ಹೊದಿಸಿ ಗೌರವಿಸುವುದು ನಮ್ಮ ಸಂಪ್ರದಾಯ. ಅದು ತಪ್ಪಲ್ಲ, ದಾನಿಗಳಿಲ್ಲದೆ ಗಡಿಯಾಚೆಯ ಕನ್ನಡ ಉಳಿಯುತ್ತಿರಲಿಲ್ಲ. ಅದರೊಂದಿಗೆ, ದಾನಕ್ಕೆ ಆದ ಸಂಪಾದನೆ ಯಾರ ಬೆವರಿನದು, ದಾನಿಯ ಮುಂದೆ ಹೇಳಲಾಗದ ಮಾತು ಯಾವುದು ಎಂದು ಕೇಳುವ ಸ್ವಾತಂತ್ರ್ಯವನ್ನೂ ಸಂಘ ಉಳಿಸಿಕೊಳ್ಳಬೇಕು. ನಾಡು, ನುಡಿ, ಸ್ವಾಭಿಮಾನ ಎಂಬ ನಮ್ಮ ಪ್ರೀತಿಯ ಮಾತುಗಳನ್ನು ಯಾರಾದರೂ ವೇದಿಕೆಯ ಮೇಲೆ ಎತ್ತಿ ಹಿಡಿದಾಗ, ಅವುಗಳ ಮರೆಯಲ್ಲಿ ಯಾರ ಮಾತು ಅಡಗಿಹೋಯಿತೆಂದು ನೋಡಬೇಕು. ಗೋವೆಯ ಕಟ್ಟಡಗಳಿಗೆ ಕಲ್ಲು, ಗಾರೆ ಹೊತ್ತ ಕನ್ನಡದ ಕೂಲಿಕಾರರು ನಮ್ಮ ಸಮ್ಮೇಳನದ ಗೋಷ್ಠಿಗಳಲ್ಲಿ ಮಾತನಾಡಲಿ. ಸಿದ್ದಿ ಕಲಾವಿದರು ಮೆರವಣಿಗೆಯಲ್ಲಿ ಡಮಾಮಿ ಬಾರಿಸಿದ ಮೇಲೆ ಅವರಿಗೊಂದು ಕುರ್ಚಿ, ಒಂದು ಧ್ವನಿವರ್ಧಕ, ಅರ್ಧ ಗಂಟೆ ಕಾಲಾವಕಾಶ ಸಿಗಲಿ. ಮುಂದಿನ ಸಮ್ಮೇಳನದ ಕಾರ್ಯಕ್ರಮ ಪಟ್ಟಿಯಲ್ಲಿ ಇದಕ್ಕೆ ಜಾಗ ಮಾಡಿಕೊಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ನಾವು ವಿನಯಪೂರ್ವಕವಾಗಿ ಕೋರುತ್ತೇವೆ.