ಮಗಳ ಕಾರಿಗೆ ಉಬ್ಬಸ

ಸೌದೆ ಒಲೆಯ ಮುಂದೆ ಕೂತು ಅಡುಗೆ ಮಾಡಿದವರಿಗೆ ನಾನು ಹೇಳಲಿರುವ ವಿಷಯದಲ್ಲಿ ಅರ್ಧ ಆಗಲೇ ಗೊತ್ತಿದೆ. ಒಲೆಯ ಬಾಯಿಗೆ ಸೌದೆ ಗಿಡಿದು ತುಂಬಿದರೆ ಉರಿ ಏಳುವುದಿಲ್ಲ, ಹೊಗೆ ಏಳುತ್ತದೆ. ಎರಡು ಸೌದೆ ಹಿಂದಕ್ಕೆಳೆದು, ಬೂದಿ ಕೆರೆದು, ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಧಗ್ಗನೆ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯ ಕಥೆಯೂ ಅಷ್ಟೇ. ಗಾಳಿ ಹೋಗುವ ದಾರಿ ಕಟ್ಟಿಕೊಂಡರೆ ನೀಲಿ ಉರಿ ಹೋಗಿ ಹಳದಿ ಉರಿ ಬರುತ್ತದೆ, ಪಾತ್ರೆಯ ತಳಕ್ಕೆಲ್ಲ ಮಸಿ. ಉರಿಯುವುದಕ್ಕೆ ಸೌದೆ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಮೋಟಾರು ಕಾರಿನ ಇಂಜಿನ್ನೂ ಒಂದು ಒಲೆಯೇ ತಾನೆ?

"ಇದೇನಿದು, ಹುಳಿಪುಡಿಯ ಪಕ್ಕದಲ್ಲಿ ಕಾರಿನ ಪುರಾಣ!" ಅಂತ ಪುಟ ತಿರುವಬೇಡಿ. ಇದು ಸಂಸಾರದ ವಿಷಯವೇ. ಕೈಬಿಗಿಯಾದಾಗ ಮನೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ನಮಗೆ ನಿಮಗೆ ಹೊಸದಲ್ಲವಲ್ಲ.

ನನ್ನ ಮಗಳು, ಅಳಿಯಂದಿರು ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಎಂಬ ಊರಿನಲ್ಲಿ. 2023ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಮಗಳ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಆ ವರ್ಷ ಅಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿ ಸಾವಿರಾರು ಜನರನ್ನು ಮನೆಗೆ ಕಳಿಸಿದರು. ಅಲ್ಲೇ ನೆಲೆಸುವ ಹಕ್ಕು ಅವರಿಗೆ ಸಿಕ್ಕಿದ್ದರಿಂದ ಗಂಟುಮೂಟೆ ಕಟ್ಟುವ ಭಯವಿರಲಿಲ್ಲ, ನಿಜ. ಆದರೆ ಮನೆಯ ಸಾಲದ ಕಂತು ಎರಡು ಸಂಬಳ ನಂಬಿ ಮಾಡಿದ್ದು. ಒಂದು ನಿಂತುಹೋಯಿತು. ಮಗಳು ದಿನಾ ಬೆಳಿಗ್ಗೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಮಧ್ಯಾಹ್ನದ ಮೇಲೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದಳು. ಮಾತಾಡಿಸಿದರೆ "ಏನಿಲ್ಲಮ್ಮ" ಅನ್ನುವುದು. ಆ "ಏನಿಲ್ಲ" ಎಷ್ಟು ಭಾರ ಎಂದು ಹೆತ್ತವರಿಗೆ ಗೊತ್ತು.

ಅವಳ ಹತ್ತಿರ ಒಂದು ಹಳೆಯ ಕಾರಿತ್ತು. ಸಂಸಾರದ ಕಾರು ಬೇರೆ ಇದೆ. ಇದು ಅವಳ ಸಂಬಳದಲ್ಲಿ ಉಳಿಸಿ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದು. ಪುಟಾಣಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ತಲೆಯ ಮೇಲೆ ಬಟ್ಟೆಯ ಹೊದಿಕೆ, ಬೇಕೆಂದರೆ ಮಡಚಿ ಹಿಂದಕ್ಕೆ ತಳ್ಳಬಹುದು. ದೀಪ ಹಾಕಿದರೆ ಕಪ್ಪೆಯ ಕಣ್ಣಿನ ಹಾಗೆ ಎರಡು ದೀಪ ಮೇಲೆದ್ದು ನಿಲ್ಲುತ್ತವೆ. ಜಪಾನಿನ ಮಾಜ್ದಾ ಕಂಪನಿಯದು, ಹೆಸರು ಮಿಯಾಟಾ. 1989ರಲ್ಲಿ ಶಿಕಾಗೋದ ಮೋಟಾರು ಪ್ರದರ್ಶನದಲ್ಲಿ ಮೊದಲ ಸಲ ತೋರಿಸಿದರಂತೆ. ಹೀಗೆ ಹೊದಿಕೆ ತೆರೆಯಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಇದು. ಮಗಳದ್ದು 1991ರ ಗಾಡಿ, ಅವಳಿಗಿಂತ ಒಂದೇ ವರ್ಷ ಚಿಕ್ಕದು. 1.6 ಲೀಟರಿನ ಇಂಜಿನ್. ಹೊಸದಾಗಿದ್ದಾಗ 116 ಕುದುರೆಯ ಶಕ್ತಿ.

ಆ ಕುದುರೆಗಳಲ್ಲಿ ಈಗ ಎಷ್ಟು ಉಳಿದಿದ್ದವೋ! ಅಲ್ಲಿಂದ ಸಾಂತಾ ಕ್ರೂಜ್ ಸಮುದ್ರತೀರಕ್ಕೆ ಹೋಗಲು 17ನೇ ನಂಬರಿನ ಹೆದ್ದಾರಿಯಲ್ಲಿ ಬೆಟ್ಟ ಹತ್ತಿ ಇಳಿಯಬೇಕು. ಸುಮಾರು 1,800 ಅಡಿ ಎತ್ತರ, ನಮ್ಮ ಘಾಟಿಯ ಹಾಗೆ ಸುತ್ತು ಸುತ್ತು ದಾರಿ. ಆ ಏರಿನಲ್ಲಿ ಕಾರು ಉಬ್ಬಸದ ರೋಗಿಯ ಹಾಗೆ ಏದುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿದು ನಡುಗುವುದು.

ಒಂದು ರಾತ್ರಿ ಊಟವಾದ ಮೇಲೆ ಅಳಿಯಂದಿರು ಮೆತ್ತಗೆ ಮಾತೆತ್ತಿದರು. "ಅತ್ತೆ, ನೀವೇ ಹೇಳಿ. ಎರಡನೇ ಕಾರು ಈಗ ಬೇಕಾ? ಇನ್ಶೂರೆನ್ಸು, ರಿಪೇರಿ... ಮಾರಿಬಿಟ್ಟರೆ ಒಂದೆರಡು ಕಂತಿಗಾದರೂ ಆಗತ್ತೆ." ಅವರು ಕೆಟ್ಟ ಮನುಷ್ಯರಲ್ಲ. ಲೆಕ್ಕದಲ್ಲಿ ಅವರ ಮಾತು ಸರಿಯೇ. ಮಗಳು ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನೋಡದೆಯೇ ಅಂದಳು: "ಈ ತಿಂಗಳ ಕೊನೆಗೆ ಹೊಗೆ ಪರೀಕ್ಷೆ ಇದೆ. ಅದರಲ್ಲಿ ಪಾಸಾಗದಿದ್ದರೆ ಮಾರೋಣ. ಅಲ್ಲೀವರೆಗೆ ನೂರು ಡಾಲರ್ ಖರ್ಚು ಮಾಡ್ತೀನಿ. ಅದರ ಮೇಲೆ ಒಂದು ಕಾಸೂ ಕೇಳಲ್ಲ."

ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆಯಾಗಬೇಕು. ಪಾಸಾಗದಿದ್ದರೆ ರಿಜಿಸ್ಟ್ರೇಷನ್ ಮುಂದುವರಿಸುವುದಿಲ್ಲ. ಗಾಡಿಯನ್ನು ಉರುಳೆಗಳ ಮೇಲೆ ಓಡಿಸಿ ಹಿಂದಿನ ಕೊಳವೆಯ ಹೊಗೆ ಅಳೆಯುತ್ತಾರೆ. ಬಾನೆಟ್ ಎತ್ತಿ ಕಣ್ಣಿನಿಂದಲೂ ನೋಡುತ್ತಾರೆ. ಗಾಳಿ ಹೋಗುವ ಕೊಳವೆಯನ್ನು ಬದಲಾಯಿಸಿ ಬೇರೆ ಕಂಪನಿಯದು ಹಾಕಿದ್ದರೆ, ಅದಕ್ಕೆ ಅಲ್ಲಿನ ಗಾಳಿ ಮಂಡಳಿಯವರ ಅಪ್ಪಣೆಯ ನಂಬರು ಇರಲೇಬೇಕು. ಇಲ್ಲದಿದ್ದರೆ ಹೊಗೆ ಎಷ್ಟೇ ಚೊಕ್ಕಟವಾಗಿರಲಿ, ನಪಾಸು.

ಮಾರನೆಯ ದಿನ ಮಗಳ ಜೊತೆ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಪಳಪಳ ಹೊಳೆಯುವ ಉಕ್ಕಿನ ಕೊಳವೆ ತೋರಿಸಿದ. ತುದಿಯಲ್ಲಿ ಐಸ್ ಕ್ರೀಮ್ ಕೋನಿನ ಹಾಗೆ ಒಂದು ಕೆಂಪು ಫಿಲ್ಟರು. ಇದು ಹಾಕಿದರೆ ಗಾಡಿ ಹುಲಿ ಆಗತ್ತೆ ಅಂದ. ಬೆಲೆ 300 ಡಾಲರ್. ಮಗಳು ಹಿಂದೆ ಮುಂದೆ ತಿರುಗಿಸಿ ನೋಡಿ ಕೆಳಗಿಟ್ಟಳು. "ನಂಬರೂ ಇಲ್ಲ. ಮೇಲಾಗಿ ಈ ಫಿಲ್ಟರಿಗೆ ಸುತ್ತ ಡಬ್ಬಿಯೇ ಇಲ್ಲಮ್ಮ. ಬಾನೆಟ್ ಒಳಗಿನ ಬಿಸಿಗಾಳೀನೇ ಕುಡಿಯತ್ತೆ. ಸದ್ದು ಜಾಸ್ತಿ ಆಗತ್ತೆ, ಶಕ್ತಿ ಅಲ್ಲ."

ಬಿಸಿಗಾಳಿಯಾದರೇನಂತೆ, ಗಾಳಿ ಗಾಳಿಯೇ ಅಲ್ಲವೇ ಎಂದು ಕೇಳಿದೆ. ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಗಾಳಿ ಕಾದರೆ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಒಂದು ಪಾವಿನಲ್ಲಿ ಹಿಡಿಯುವುದು ಕಮ್ಮಿ. ಅರಳು ಮತ್ತು ಭತ್ತದ ವ್ಯತ್ಯಾಸ ನೋಡಿ, ಅದೇ ಲೆಕ್ಕ. 30 ಡಿಗ್ರಿಯ ಗಾಳಿಯ ಬದಲು 60 ಡಿಗ್ರಿಯ ಗಾಳಿ ಎಳೆದುಕೊಂಡರೆ ಇಂಜಿನ್ನಿಗೆ ನೂರಕ್ಕೆ ಒಂಬತ್ತು ಪಾಲು ಗಾಳಿ ಕಡಿಮೆ ಸಿಕ್ಕಿದ ಹಾಗೆ. ಒಂದು ಗ್ರಾಂ ಪೆಟ್ರೋಲು ಹದವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಒಂಬತ್ತು ಸಾವಿರ ಲೀಟರ್ ಗಾಳಿ! ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಅಂಥ ಒಂಬತ್ತು ಟ್ಯಾಂಕು ಗಾಳಿ. ನಾವು ಪೆಟ್ರೋಲಿನ ಬೆಲೆಯನ್ನೇ ಲೆಕ್ಕ ಹಾಕುತ್ತೇವೆ. ಗಾಳಿ ಬಿಟ್ಟಿ ಸಿಗುತ್ತದಲ್ಲ, ಅದರ ಬಗ್ಗೆ ಕೇಳುವವರಿಲ್ಲ.

ಸಂಜೆ ಬಾನೆಟ್ ಎತ್ತಿದಳು. ನಾನು ಟಾರ್ಚ್ ಹಿಡಿದುಕೊಂಡೆ. ಎಡಗಡೆ ಮುಂದೆ ಒಂದು ಕಪ್ಪು ಡಬ್ಬಿ, ಅದರೊಳಗೆ ಕಾಗದದ ಫಿಲ್ಟರು. ಬಿಸಿ ಹೊಗೆ ಹೊರಗೆ ಹೋಗುವ ಕೊಳವೆಯೂ ಅದೇ ಎಡಗಡೆಯೇ! ಡಬ್ಬಿಗೆ ಅಂಟಿಕೊಂಡು ಗಾಳಿ ಅಳೆಯುವ ಯಂತ್ರ. ಅದರೊಳಗೆ ಪುಟ್ಟ ಬಾಗಿಲಿದೆ. ಗಾಳಿ ಎಷ್ಟು ನೂಕುತ್ತದೋ ಅಷ್ಟು ತೆರೆಯುತ್ತದೆ. ಅದನ್ನು ನೋಡಿಕೊಂಡು ಎಷ್ಟು ಪೆಟ್ರೋಲು ಬಿಡಬೇಕೆಂದು ಇಂಜಿನ್ನಿನ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅಲ್ಲಿಂದ ದಪ್ಪ ರಬ್ಬರ್ ಕೊಳವೆಯೊಂದು ಇಂಜಿನ್ನಿನ ಮುಂದೆ ಹಾದು ಬಲಗಡೆಗೆ ಹೋಗುತ್ತದೆ.

ಫಿಲ್ಟರು ತೆಗೆದರೆ, ಅಯ್ಯೋ, ನಮ್ಮ ರಾಗಿ ಮಿಲ್ಲಿನ ಜೇಡರಬಲೆ! ಧೂಳು, ಒಣಗಿದ ಎಲೆ, ಒಂದು ಸತ್ತ ದುಂಬಿ. ಆಮೇಲೆ ರಬ್ಬರ್ ಕೊಳವೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮೇಲಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಕುಕ್ಕರಿನ ಗ್ಯಾಸ್ಕೆಟ್ಟನ್ನು ಹೊಸದು ತರಬೇಕೋ ಬೇಡವೋ ಎಂದು ನಾವು ಹೇಗೆ ನೋಡುತ್ತೇವೆ? ಬಗ್ಗಿಸಿ ನೋಡುತ್ತೇವೆ ತಾನೆ? ಹಾಗೇ ಬಗ್ಗಿಸಿದೆ. ಮಡಿಕೆಯ ಸಂದಿನಲ್ಲಿ ಬೆರಳುದ್ದದ ಬಿರುಕು ಬಾಯಿ ಬಿಟ್ಟಿತು.

"ಅಮ್ಮಾ, ಇದೇ ಕಣೇ!" ಅಂದಳು. ಎಷ್ಟೋ ದಿನದ ಮೇಲೆ ಅವಳ ದನಿ ಅಷ್ಟು ಏರಿದ್ದು.

ಕಾರಣ ನೋಡಿ. ಅಳತೆಯ ಬಾಗಿಲು ದಾಟಿದ ಮೇಲೆ ಬಿರುಕು. ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗಿದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಗಾಳಿ ಹೆಚ್ಚು, ಪೆಟ್ರೋಲು ಕಮ್ಮಿ ಆಗಿ ಹದ ತಪ್ಪುತ್ತದೆ, ಇಂಜಿನ್ನು ನಡುಗುತ್ತದೆ. ಉರಿಯದೆ ಉಳಿದ ಪೆಟ್ರೋಲು ಹೊಗೆಯಲ್ಲಿ ಸೇರಿ ಪರೀಕ್ಷೆಯಲ್ಲೂ ಮುಗ್ಗರಿಸುತ್ತದೆ. ಮೇಲಾಗಿ ಆ ಗಾಳಿ ಫಿಲ್ಟರಿನಲ್ಲಿ ಸೋಸಿದ್ದಲ್ಲ, ಧೂಳೆಲ್ಲ ನೇರವಾಗಿ ಒಳಕ್ಕೆ. 300 ಡಾಲರಿನ ಹೊಳೆಯುವ ಕೊಳವೆ ಬೇಕಾಗಿರಲಿಲ್ಲ, ಸೋರುವುದು ನಿಲ್ಲಬೇಕಾಗಿತ್ತು.

ಅಲ್ಲಿ ಕಾರುಗಳ ಗುಜರಿ ನೋಡಬೇಕು ನೀವು! ದುಡ್ಡು ಕೊಟ್ಟು ಒಳಗೆ ಹೋಗಿ, ನಮ್ಮದೇ ಸ್ಪ್ಯಾನರಿನಿಂದ ಬೇಕಾದ್ದು ಬಿಚ್ಚಿಕೊಂಡು ಬರಬೇಕು. ಸಾಲು ಸಾಲು ಸತ್ತ ಕಾರುಗಳ ಮಧ್ಯೆ, ಬಿಸಿಲಿನಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ನಡೆದೆ. ಮೂರು ಮಿಯಾಟಾ ಸಿಕ್ಕವು. ಎರಡರ ಕೊಳವೆ ಬಗ್ಗಿಸಿದರೆ ಬಿರುಕು; ಮೂರನೆಯದು ಗಟ್ಟಿ.

ಲೆಕ್ಕ ಕೇಳಿ. ಕಾಗದದ ಹೊಸ ಫಿಲ್ಟರ್ 14 ಡಾಲರ್. ಗುಜರಿಯ ಕೊಳವೆ 18. ಇಬ್ಬರಿಗೆ ಪ್ರವೇಶ 6. ಬಿಗಿಯುವ ಹೊಸ ಪಟ್ಟಿಗಳು 6. ಅಲ್ಯೂಮಿನಿಯಂ ತಗಡು ಮತ್ತು ಅಂಚಿಗೆ ರಬ್ಬರ್ ಪಟ್ಟಿ 17. ಒಟ್ಟು 61. ತಗಡು ಯಾಕೆಂದರೆ, ಡಬ್ಬಿಗೂ ಬಿಸಿ ಕೊಳವೆಗೂ ಮಧ್ಯೆ ಒಂದು ಅಡ್ಡಗೋಡೆ. ರಟ್ಟಿನಲ್ಲಿ ಮೊದಲು ಮಾದರಿ ಕತ್ತರಿಸಿಕೊಂಡಳು, ರವಿಕೆಗೆ ಕಾಗದ ಕತ್ತರಿಸುತ್ತೇವಲ್ಲ ಹಾಗೆ. ಆಮೇಲೆ ತಗಡು ಕತ್ತರಿಸಿ, ಅಂಚಿಗೆ ರಬ್ಬರ್ ಹಾಕಿ ಕೂರಿಸಿದಳು. ಡಬ್ಬಿಯನ್ನು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು ಒಣಗಿಸಿದ ಕೆಲಸ ನನ್ನದು.

ಕೇಕ್ ಬೇಯಿಸುವಾಗ ಶಾಖ ನೋಡುವ ತಂತಿಯ ಥರ್ಮಾಮೀಟರ್ ಅವರ ಅಡುಗೆಮನೆಯಲ್ಲಿತ್ತು. ಅದರ ತುದಿಯನ್ನು ಡಬ್ಬಿಯ ಒಳಗೆ ಇಳಿಬಿಟ್ಟು, ತಗಡು ಹಾಕುವ ಮೊದಲು ಒಂದು ದಿನ, ಹಾಕಿದ ಮೇಲೆ ಒಂದು ದಿನ, ಅದೇ ದಾರಿ ಅದೇ ಹೊತ್ತಿಗೆ ಸಂದಣಿಯಲ್ಲಿ ಓಡಿಸಿದೆವು. ಮೊದಲು 61 ಡಿಗ್ರಿ, ಆಮೇಲೆ 47. ಅಂದರೆ ಆ ಸಂದಣಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೆಚ್ಚು ಗಾಳಿ. ಗಾಡಿ ಜೋರಾಗಿ ಓಡುವಾಗ ಮುಂದಿನಿಂದ ತಂಪುಗಾಳಿ ನುಗ್ಗುವುದರಿಂದ ಇಷ್ಟು ವ್ಯತ್ಯಾಸ ಇರುವುದಿಲ್ಲ ಎಂದು ಮಗಳೇ ಹೇಳಿದಳು. ಹುಲಿ ಏನೂ ಆಗಲಿಲ್ಲ. ಆದರೆ ಸಿಗ್ನಲ್ಲಿನಲ್ಲಿ ನಡುಕ ನಿಂತಿತು.

ಪರೀಕ್ಷೆಯ ದಿನ ಅಳಿಯಂದಿರೂ ರಜ ಹಾಕಿ ಬಂದರು. ಉರುಳೆಗಳ ಮೇಲೆ ಗಾಡಿ ಓಡುತ್ತಿದ್ದರೆ ಮಗಳು ನನ್ನ ಕೈ ಹಿಡಿದುಕೊಂಡೇ ಇದ್ದಳು, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹಿಡಿದಿದ್ದ ಹಾಗೆ. ಪಾಸಾಯಿತು. ಅಳಿಯಂದಿರು ಕಾಗದವನ್ನು ಎರಡು ಸಲ ಓದಿ, "ಇನ್ನು ಮಾರೋ ಮಾತಿಲ್ಲ ಬಿಡಿ ಅತ್ತೆ" ಅಂದರು. ಆ ಭಾನುವಾರ 17ನೇ ಹೆದ್ದಾರಿಯಲ್ಲಿ ನಾವಿಬ್ಬರೇ ಬೆಟ್ಟ ಹತ್ತಿದೆವು. ಹೊದಿಕೆ ತೆಗೆದು, ತಲೆಗೆ ಸೆರಗು ಸುತ್ತಿಕೊಂಡು! ಮೊದಲು ಗೇರು ಇಳಿಸಿದರೂ ಏದುತ್ತಿದ್ದ ತಿರುವನ್ನು ಕಾರು ಸಲೀಸಾಗಿ ಹತ್ತಿತು. ಮೇಲೆ ಹೋದ ಮೇಲೆ ಮಗಳು ಅಂದಳು: "ಅಮ್ಮ, ಮೂರು ತಿಂಗಳಿಂದ ನಾನು ಮುಟ್ಟಿದ್ದು ಯಾವುದೂ ಸರಿ ಹೋಗಿರಲಿಲ್ಲ." ನಾನೇನೂ ಉತ್ತರ ಹೇಳಲಿಲ್ಲ. ಅವಳ ಉಗುರಿನ ಸಂದಿನಲ್ಲಿ ಇನ್ನೂ ಕಪ್ಪು ಉಳಿದಿತ್ತು. ಅದನ್ನೇ ನೋಡುತ್ತಿದ್ದೆ.

ಕೆಲಸ ಕೂಡಲೇ ಸಿಗಲಿಲ್ಲ. ಡಿಸೆಂಬರಿನಲ್ಲಿ ಸಿಕ್ಕಿತು, ಸಂಬಳ ಮೊದಲಿಗಿಂತ ಕಮ್ಮಿ. ಆದರೆ ಆ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನ ಕಿಟಕಿಯ ಹತ್ತಿರ ಕೂರುವುದು ನಿಂತಿತ್ತು. ಅಕ್ಕಪಕ್ಕದ ಇಬ್ಬರು ತಮ್ಮ ಕಾರಿನ ಬಾನೆಟ್ ಎತ್ತಿ ಇವಳನ್ನು ಕರೆಯುತ್ತಿದ್ದರು.

ಇದನ್ನು ಬರೆಯಲು ಕಾರಣವಿದೆ. ಮನೆಯಲ್ಲಿ ಕೈಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಹೆಣ್ಣುಮಕ್ಕಳ ಇಷ್ಟಗಳ ಮೇಲೆ. ಸಂಗೀತದ ಪಾಠ ನಿಲ್ಲುತ್ತದೆ, ಹೊಲಿಗೆ ಯಂತ್ರ ಮಾರಿಹೋಗುತ್ತದೆ, ವರ್ಷಕ್ಕೊಮ್ಮೆ ತವರಿಗೆ ಹೋಗುವುದೂ ತಪ್ಪುತ್ತದೆ. ನಾವೇ ಮುಂದಾಗಿ ಬಿಟ್ಟುಬಿಡುತ್ತೇವೆ, ಯಾರೂ ಕೇಳದಿದ್ದರೂ. ಹಾಗೆ ಬಿಡುವ ಮೊದಲು ಸೋರುವುದು ಎಲ್ಲಿ ಎಂದು ಹುಡುಕಿ. ಮಿತವಾಗಿ ಒಂದು ಮೊತ್ತ ಗೊತ್ತುಮಾಡಿ, ಒಂದು ಗಡುವು ಇಟ್ಟುಕೊಂಡು, "ಇಷ್ಟರಲ್ಲಿ ಉಳಿಸಿಕೊಳ್ಳಬಹುದೇ" ಎಂದು ನೋಡಿ. ಆಗದಿದ್ದರೆ ಬಿಟ್ಟರಾಯಿತು.

ಕೊನೆಯದಾಗಿ, ನಿಮ್ಮ ಮನೆಯ ಗಾಡಿಗೂ ನಾಲ್ಕು ಮಾತು. ನಮ್ಮ ಊರುಗಳ ಧೂಳಿಗೆ ಏರ್ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ. ಸರ್ವಿಸಿಗೆ ಬಿಡುವಾಗ ತೆಗೆಸಿ ನೀವೇ ಕಣ್ಣಾರೆ ನೋಡಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ. ಗಾಳಿ ಹೊಡೆಸುವುದಾದರೆ ಚೊಕ್ಕಟ ಇರುವ ಕಡೆಯಿಂದ ಕೊಳೆಯ ಕಡೆಗೆ, ಮೆತ್ತಗೆ. ತೀರಾ ಕಪ್ಪಾಗಿದ್ದರೆ ಹೊಸದೇ ಹಾಕಿಸಿ. ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡಲು ಮೆಕ್ಯಾನಿಕ್ಕಿಗೆ ಹೇಳಿ. ಹೊಳೆಯುವ ಕೊಳವೆ ಬೇಕೆಂದು ಮಗ ಹಟ ಹಿಡಿದರೆ, ಹಳೆಯದನ್ನು ಬಿಚ್ಚಿ ತೋರಿಸಲು ಮೊದಲು ಅವನಿಗೇ ಹೇಳಿ. ಟಾರ್ಚ್ ನೀವು ಹಿಡಿದುಕೊಳ್ಳಿ.