ಏಳು ಕಾಲಿನ ಅಮ್ಮ

ಆ ಸೋಮವಾರ ಅಥೆನ್ಸಿನ ಬೇಕರಿಗಳ ಮುಂದೆ ಬೆಳಗಾಗುವುದರೊಳಗೇ ಸಾಲು ಬೆಳೆದಿತ್ತು. ಹೊರಬಂದವರೆಲ್ಲರ ಕಂಕುಳಲ್ಲೂ ಒಂದೇ ಬಗೆಯ ರೊಟ್ಟಿ. ಮೊಳದುದ್ದ, ಚಪ್ಪಟೆ, ಮೈತುಂಬ ಬೆರಳಲ್ಲಿ ಒತ್ತಿದ ಗುಳಿಗಳು, ಮೇಲೆ ಧಾರಾಳವಾಗಿ ಎಳ್ಳು. ಇದರ ಹೆಸರು ಲಗಾನಾ. ವರ್ಷಕ್ಕೊಮ್ಮೆ, ಈ ಸೋಮವಾರಕ್ಕೆಂದೇ ಸುಡುವ ರೊಟ್ಟಿ ಇದು. ಈಸ್ಟರ್‌ಗೆ 48 ದಿನ ಮುಂಚೆ ಬರುವ ಈ ‘ಶುದ್ಧ ಸೋಮವಾರ’ದಿಂದ ಗ್ರೀಕರ ದೊಡ್ಡ ಉಪವಾಸ ಶುರು. ಉಪವಾಸವೆಂದರೆ ಬಾಡಿದ ಮುಖಗಳಿರುತ್ತವೆಂದು ನಾನು ಎಣಿಸಿದ್ದೆ. ಜನ ನೋಡಿದರೆ ಲಗಾನಾ, ಆಲಿವ್, ಉಪ್ಪಿನಕಾಯಿ, ಹಲ್ವಾದ ಗಟ್ಟಿಗಳನ್ನು ಬುಟ್ಟಿಗೆ ತುಂಬಿ, ಮಕ್ಕಳ ಕೈಗೆ ಗಾಳಿಪಟ ಕೊಟ್ಟು ಫಿಲೊಪಪ್ಪು ಗುಡ್ಡ ಹತ್ತುತ್ತಿದ್ದರು. ಎದುರಿಗೆ ಅಕ್ರೊಪೊಲಿಸ್, ಮೇಲೆ ನೂರಾರು ಗಾಳಿಪಟ, ಹುಲ್ಲಿನ ಮೇಲೆ ಹಾಸಿದ ಬಟ್ಟೆಗಳ ತುಂಬ ಊಟ. ವ್ರತವೊಂದು ವನಭೋಜನದಿಂದ ಆರಂಭವಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿಯಮಗಳು ಮಾತ್ರ ಸಡಿಲವಲ್ಲ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು, ಬೆಣ್ಣೆ, ಗಿಣ್ಣು ಯಾವುದೂ ಇಲ್ಲ. ಮಾರ್ಚ್ 25ರ ಹಬ್ಬ ಮತ್ತು ಗರಿಗಳ ಭಾನುವಾರ ಬಿಟ್ಟರೆ ಮೀನೂ ಇಲ್ಲ. ಕಟ್ಟುನಿಟ್ಟಿನವರು ಶನಿವಾರ, ಭಾನುವಾರ ಹೊರತು ಆಲಿವ್ ಎಣ್ಣೆಯನ್ನೂ ವೈನನ್ನೂ ಮುಟ್ಟುವುದಿಲ್ಲ. ಆದರೆ ಎಣ್ಣೆ ನಿಷಿದ್ಧವಾದ ದಿನವೂ ಆಲಿವ್ ಕಾಯಿಯನ್ನು ನಿಶ್ಚಿಂತೆಯಿಂದ ಮೆಲ್ಲಬಹುದು! ಧರ್ಮಶಾಸ್ತ್ರ ಎಲ್ಲಿದ್ದರೂ ಒಂದು ಕಿಟಕಿ ತೆರೆದಿಟ್ಟಿರುತ್ತದೆ.

ಈ ತ್ಯಾಗ ಒಮ್ಮೆಗೇ ಬರುವುದಿಲ್ಲ. ಮೊದಲು ಒಂದು ಭಾನುವಾರಕ್ಕೆ ಮಾಂಸ ಮುಗಿಯುತ್ತದೆ, ಮುಂದಿನ ವಾರವೆಲ್ಲ ಗಿಣ್ಣು, ಹಾಲು ಖಾಲಿ ಮಾಡುವ ವಾರ, ಆಮೇಲೆ ಶುದ್ಧ ಸೋಮವಾರ. ಇದನ್ನು ಕೇಳಿದಾಗ ನನಗೆ ನಮ್ಮ ಕಡೆಯ ಚಾತುರ್ಮಾಸ್ಯ ನೆನಪಾಯಿತು. ಒಂದು ತಿಂಗಳು ತರಕಾರಿ ಬಿಟ್ಟು, ಮುಂದಿನ ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳ ಧಾನ್ಯ ಬಿಡುವ ಮಾಧ್ವರ ಮನೆಗಳ ಕ್ರಮ. ಮೆಟ್ಟಿಲುಗಳೇನೋ ಅವೇ, ಆದರೆ ನಮ್ಮವರು ಕೊನೆಯ ಮೆಟ್ಟಿಲಲ್ಲಿ ಬಿಡುವ ಕಾಳು ಬೇಳೆಗಳ ಮೇಲೆಯೇ ಗ್ರೀಕರ ಉಪವಾಸ ಪೂರ್ತಿ ನಿಂತಿದೆ. ಬಿಳಿ ಅವರೆಯಂಥ ಬೀನ್ಸ್ ಹಾಕಿದ ಫಸೊಲಾದ ಎಂಬ ಸಾರನ್ನು ಅವರು ರಾಷ್ಟ್ರೀಯ ಅಡುಗೆ ಎಂದೇ ಕರೆಯುತ್ತಾರೆ. ಸ್ಯಾಂಟೊರಿನಿ ದ್ವೀಪದ ಹಳದಿ ‘ಫಾವಾ’ ನಮ್ಮ ಕೇಸರಿ ಬೇಳೆಯ ದಾಯಾದಿ, ಎರಡೂ ಲ್ಯಾಥಿರಸ್ ಕುಲದವು. ಮೂರೂವರೆ ಸಾವಿರ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಅಕ್ರೊತಿರಿ ಪಟ್ಟಣವನ್ನು ಅಗೆದಾಗ ಈ ಕಾಳೂ ಸಿಕ್ಕಿತು. ಅದನ್ನು ನುಣ್ಣಗೆ ಬೇಯಿಸಿ, ಮೇಲೆ ಹಸಿ ಈರುಳ್ಳಿ, ಕೇಪರ್ ಮೊಗ್ಗು ಹಾಕಿ ಇಂದಿಗೂ ಬಡಿಸುತ್ತಾರೆ.

ಸಸ್ಯಾಹಾರಿಯಾಗಿ ಗ್ರೀಸ್ ಸುತ್ತುವವರಿಗೆ ಈ ಏಳು ವಾರಗಳು ಸುಗ್ಗಿ. ಬೇರೆ ಕಾಲದಲ್ಲಿ ‘ಇದರಲ್ಲಿ ಬೆಣ್ಣೆ ಇದೆಯೇ, ಮಾಂಸದ ಸಾರು ಇದೆಯೇ’ ಎಂದು ಅಡುಗೆಯವನನ್ನು ವಿಚಾರಣೆಗೆ ನಿಲ್ಲಿಸಬೇಕು. ಈಗ ‘ನಿಸ್ತೀಸಿಮೊ?’ ಎಂದು, ಅಂದರೆ ಉಪವಾಸಕ್ಕೆ ಆಗುವುದೇ ಎಂದು, ಕೇಳಿದರೆ ಸಾಕು. ಬೇಕರಿಯ ಬಿಸ್ಕತ್ತಿನ ತಟ್ಟೆಗಳಿಗೂ ಈ ಚೀಟಿ ಅಂಟಿಸಿರುತ್ತಾರೆ. ಎಚ್ಚರಿಕೆ ಬೇಕಾದದ್ದು ಒಂದೇ ಕಡೆ. ರಕ್ತವಿಲ್ಲದ ಜೀವಿಗಳೆಂದು ಆಕ್ಟೋಪಸ್, ಸಿಗಡಿ, ಕಪ್ಪೆಚಿಪ್ಪುಗಳಿಗೆ ವ್ರತದಲ್ಲಿ ವಿನಾಯಿತಿಯಿದೆ. ಬೀಟ್‌ರೂಟ್ ಚಟ್ನಿಯಂತೆ ಗುಲಾಬಿ ಬಣ್ಣದಲ್ಲಿ ಹೊಳೆಯುವ ತಾರಮಾ ಮೀನಿನ ತತ್ತಿಯದು.

ಪಿರೇಯಸ್ ಬಂದರಿನಿಂದ ಹಡಗು ಹಿಡಿದು ಸಿಫ್ನೋಸ್ ದ್ವೀಪಕ್ಕೆ ಹೋದದ್ದು ಒಂದು ಮಡಕೆಗಾಗಿ. ಈ ದ್ವೀಪದ ಜೇಡಿಮಣ್ಣು ಹೆಸರಾದದ್ದು, ಕುಂಬಾರರೂ ಅಷ್ಟೇ. ಸ್ಕೆಪಸ್ತಾರ್ಯ ಎಂದು ಕರೆಯುವ ಮುಚ್ಚಳದ ಮಡಕೆ ಇಲ್ಲದ ಮನೆ ಅಲ್ಲಿಲ್ಲವೇನೋ. ನಾನು ತಂಗಿದ್ದ ಮನೆಯ ಅಜ್ಜಿ, ಊರಿನವರಿಗೆಲ್ಲ ‘ಯಾಯಾ’, ಶುಕ್ರವಾರವೇ ಕಡಲೆ ನೆನೆಹಾಕಿದ್ದಳು. ಶನಿವಾರ ಸಂಜೆ ನನ್ನನ್ನು ಅಡುಗೆಮನೆಗೆ ಕರೆದಳು. ಮೊಮ್ಮಗಳು ನಡುವೆ ನಿಂತು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ಮಡಕೆಗೆ ಕಡಲೆ, ದಪ್ಪಗೆ ಹೆಚ್ಚಿದ ಈರುಳ್ಳಿ, ಒಂದೆರಡು ಬೇ ಎಲೆ, ಉಪ್ಪು, ಮುಳುಗುವಷ್ಟು ನೀರು. ಆಮೇಲೆ ಎಣ್ಣೆ. ಆಕೆ ಬಗ್ಗಿಸಿದ ಬಾಟಲಿಯನ್ನು ಎತ್ತುವ ಲಕ್ಷಣವೇ ಕಾಣಲಿಲ್ಲ.

“ಇಷ್ಟೊಂದಾ?” ಅಂದೆ.

“ನಾಳೆ ಭಾನುವಾರ, ಪೆದೀ ಮೂ,” ಅಂದಳು ಯಾಯಾ. ಪೆದೀ ಮೂ ಅಂದರೆ ‘ಮಗೂ’. “ಐದು ದಿನ ಮುಟ್ಟಿಲ್ಲ. ಇವತ್ತೂ ಕೈ ಹಿಡಿಯಬೇಕಾ?”

ಮಡಕೆಯನ್ನು ಓಣಿಯ ಸೌದೆ ಭಟ್ಟಿಗೆ ಹೊತ್ತೆವು. ಅಕ್ಕಪಕ್ಕದವರ ಮಡಕೆಗಳು ಆಗಲೇ ಒಳಗೆ ಸೇರಿದ್ದವು. ರೊಟ್ಟಿ ಸುಟ್ಟು ಮುಗಿದು ಇಳಿಯುತ್ತಿದ್ದ ಕಾವಿನಲ್ಲಿ ರಾತ್ರಿಯಿಡೀ ಅವು ಬೇಯಬೇಕು. ಯಾರೂ ಕೈಯಾಡಿಸುವಂತಿಲ್ಲ, ಮುಚ್ಚಳ ತೆಗೆದು ನೋಡುವಂತಿಲ್ಲ. ಮರುದಿನ ಚರ್ಚಿನ ಪೂಜೆ ಮುಗಿಸಿದವರು ಭಟ್ಟಿಯ ಬಳಿ ಬಂದು ತಮ್ಮ ತಮ್ಮ ಮಡಕೆ ಎತ್ತಿಕೊಂಡರು. ಯಾಯಾ ಮುಚ್ಚಳ ತೆಗೆದಾಗ ನೀರೂ ಎಣ್ಣೆಯೂ ಬೇರೆ ಬೇರೆಯಾಗಿರಲಿಲ್ಲ, ಎರಡೂ ಸೇರಿ ಕೆನೆಗಟ್ಟಿದ ಗಸಿಯಾಗಿತ್ತು. ಮೇಲಿನ ಪದರದ ಕಡಲೆ ಕಂದು ತಿರುಗಿತ್ತು, ಈರುಳ್ಳಿ ಕರಗಿ ಕಾಣೆಯಾಗಿತ್ತು. ಮೇಲೆ ನಿಂಬೆಹಣ್ಣು ಹಿಂಡಿ, ರೊಟ್ಟಿಯಲ್ಲಿ ಒರೆಸಿಕೊಂಡು ತಿಂದೆವು. ಸಾಸಿವೆ ಇಲ್ಲ, ಮೆಣಸಿನಕಾಯಿ ಇಲ್ಲ, ಹುಳಿಪುಡಿ ಇಲ್ಲ. ಆದರೂ ನಾನು ಮೂರನೆಯ ಸಲ ತಟ್ಟೆ ಚಾಚಿದೆ. ಇದೇ ರೆವಿಥಾದ.

ಗ್ರೀಸಿನ ಅಡುಗೆ ಪುಸ್ತಕಗಳ ದೊಡ್ಡ ಹೆಸರು ನಿಕೊಲಾಸ್ ತ್ಸೆಲೆಮೆಂತೆಸ್ ಈ ಸಿಫ್ನೋಸಿನ ಮೂಲದವನೇ. ಇಂದಿಗೂ ಗ್ರೀಕರು ಅಡುಗೆ ಪುಸ್ತಕವನ್ನೇ ‘ತ್ಸೆಲೆಮೆಂತೆ’ ಅನ್ನುವುದುಂಟು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆತ ಎಣ್ಣೆ, ಬೆಳ್ಳುಳ್ಳಿ, ಮಸಾಲೆ ಕಡಿಮೆ ಮಾಡಿ ಬೆಣ್ಣೆ, ಹಾಲಿನ ಸಾಸು ತಂದು ಗ್ರೀಕ್ ಅಡುಗೆಗೆ ಫ್ರೆಂಚ್ ಕೋಟು ತೊಡಿಸಿದ. ಮೂಸಾಕಾದ ಮೇಲಿನ ಬಿಳಿಯ ಬೆಶಾಮೆಲ್ ಹೊದಿಕೆ ಆತನ ಕೈವಾಡ. ಪೇಟೆಯ ಮನೆಗಳು ಮರುಳಾದವು. ಆದರೆ ಹಾಲು ಬೆಣ್ಣೆ ಒಳಗೇ ಬಾರದ ಉಪವಾಸದ ಮಡಕೆಗೆ ಆತ ಏನು ಮಾಡಲು ಸಾಧ್ಯವಿತ್ತು? ಹಳೆಯ ಗ್ರೀಕ್ ಅಡುಗೆ ಕೆಡದೆ ಉಳಿದದ್ದರಲ್ಲಿ ಅಡುಗೆಯವರಷ್ಟೇ ಪಾಲು ಪಂಚಾಂಗದ್ದೂ ಇದೆ ಎಂದು ನನಗನ್ನಿಸಿದೆ. ಆರೋಗ್ಯಶಾಸ್ತ್ರಜ್ಞರು ಕ್ರೀಟ್ ದ್ವೀಪದ ರೈತರ ಊಟವನ್ನು ಅಳೆದು ತೂಗಿ ಹೊಗಳಿದ್ದು, 2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಆಹಾರಕ್ರಮವನ್ನು ತನ್ನ ಪಟ್ಟಿಗೆ ಸೇರಿಸಿದ್ದು ಎಲ್ಲ ಆಮೇಲಿನ ಮಾತು.

ಉಪವಾಸ ಬರುವುದೂ ಸರಿಯಾದ ಹೊತ್ತಿಗೇ. ಚಳಿಗಾಲದ ಮಳೆಗೆ ಗುಡ್ಡಗಳು ಹಸಿರಾಗಿ, ಕಾಡುಸೊಪ್ಪು ಕಾಲಿಗೆ ತೊಡರುವಷ್ಟು ಬೆಳೆದಿರುತ್ತದೆ. ಯಾಯಾ ಸೊಂಟಕ್ಕೆ ಚೀಲ ಸಿಕ್ಕಿಸಿ, ಕೈಯಲ್ಲೊಂದು ಚಾಕು ಹಿಡಿದು ಹೊರಟರೆ ಮಧ್ಯಾಹ್ನದ ಪಲ್ಯ ಸಿದ್ಧ. ಬೇಯಿಸಿ, ಹಿಂಡಿ, ನಿಂಬೆರಸ ಚಿಮುಕಿಸಿದರೆ ಮುಗಿಯಿತು. ಕಹಿ ಇದ್ದಷ್ಟೂ ಮೆಚ್ಚು. ಆರ್ಟಿಚೋಕ್ ಹೂಮೊಗ್ಗುಗಳನ್ನು ಸಬ್ಬಸಿಗೆ ಸೊಪ್ಪು, ಆಲೂಗಡ್ಡೆ, ಕ್ಯಾರೆಟ್ ಜೊತೆ ಬೇಯಿಸುವ ಅಡುಗೆಯ ಹೆಸರಿನಲ್ಲಿ ಕಾನ್‌ಸ್ಟಾಂಟಿನೋಪಲ್ ಇನ್ನೂ ಬದುಕಿದೆ. ‘ನಗರದವರು ಮಾಡುವ ಹಾಗೆ’ ಅನ್ನುತ್ತಾರೆ. ಗ್ರೀಕರಿಗೆ ‘ನಗರ’ ಎಂದರೆ ಅದೊಂದೇ.

ಅಡುಗೆಮನೆಯ ಗೋಡೆಯಲ್ಲಿ ಹಿಟ್ಟು, ಉಪ್ಪು, ನೀರು ಕಲಸಿ ಮಾಡಿದ ಹೆಂಗಸಿನ ಬೊಂಬೆಯೊಂದು ತೂಗುತ್ತಿತ್ತು. ಇವಳು ಕಿರಾ ಸರಕೊಸ್ತಿ, ಉಪವಾಸದ ಅಮ್ಮ. ಉಣ್ಣುವಂತಿಲ್ಲವಲ್ಲ, ಅದಕ್ಕೇ ಬಾಯಿಲ್ಲ. ಪ್ರಾರ್ಥನೆಗೆಂದು ಎದೆಯ ಮೇಲೆ ಕಟ್ಟಿದ ಕೈಗಳು. ಲಂಗದ ಕೆಳಗೆ ಏಳು ಕಾಲು, ವಾರಕ್ಕೊಂದು. ಮೊಮ್ಮಗಳು ಶನಿವಾರ ಒಂದು ಕಾಲು ಮುರಿದಿದ್ದಳು. ಕೊನೆಯ ಕಾಲನ್ನು ಒಣ ಅಂಜೂರದೊಳಗೆ ಬಚ್ಚಿಡುತ್ತಾರೆ. ಯಾರ ಪಾಲಿಗೆ ಬರುತ್ತದೋ ಅವರಿಗೆ ಅದೃಷ್ಟ. ಕ್ಯಾಲೆಂಡರ್‌ಗೆ ಕಾಲು ಮೂಡಿಸಿದ ಆ ಅಜ್ಞಾತ ತಾಯಂದಿರ ಬುದ್ಧಿಗೆ ನಾನು ಬೆರಗಾದೆ.

ಸಿಹಿಗೆ ರವೆಯ ಹಲ್ವಾ. ಅದರ ಲೆಕ್ಕ ಗ್ರೀಸಿನ ಮಕ್ಕಳಿಗೂ ಬಾಯಿಪಾಠ: ಒಂದು, ಎರಡು, ಮೂರು, ನಾಲ್ಕು. ಒಂದು ಲೋಟ ಆಲಿವ್ ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು. ರವೆಯನ್ನು ಎಣ್ಣೆಯಲ್ಲಿ ಕಂದಾಗುವವರೆಗೆ ಹುರಿದು, ದಾಲ್ಚಿನ್ನಿ ಹಾಕಿ ಕುದಿಸಿದ ಪಾಕ ಸುರಿಯುತ್ತಾರೆ. ತುಪ್ಪವಿಲ್ಲದ ಹಲ್ವಾ ಎಂದು ನನಗೆ ಅನುಮಾನವಿತ್ತು. ಬಾದಾಮಿ ಚೂರು, ಕಿತ್ತಳೆ ಸಿಪ್ಪೆಯ ಘಮ ಆ ಅನುಮಾನವನ್ನು ನುಂಗಿಹಾಕಿದವು.

ಶುಭ ಶುಕ್ರವಾರಕ್ಕೆ ಎಣ್ಣೆಯಿಲ್ಲದ ಮಸೂರ, ಅದಕ್ಕೆ ವಿನೆಗರ್. ಶಿಲುಬೆಯ ಮೇಲೆ ಯೇಸುವಿಗೆ ಕುಡಿಸಿದ ಹುಳಿಯ ನೆನಪಿಗೆ. ಮರುದಿನ ನಡುರಾತ್ರಿ ಗಂಟೆ ಬಾರಿಸಿದ ಕೂಡಲೇ ಎಲ್ಲ ತಲೆಕೆಳಗು. ಕುರಿಯ ಕರುಳು, ಯಕೃತ್ತಿನ ಮಾಗಿರಿತ್ಸಾ ಸಾರಿನಿಂದ ವ್ರತ ಮುರಿಯುತ್ತಾರೆ, ಬೆಳಗಾದರೆ ಕುರಿ.

“ಆಗ ನಿನಗೆ ಇಲ್ಲಿ ರೊಟ್ಟಿ, ಲೆಟಿಸ್ ಎರಡೇ,” ಎಂದು ಯಾಯಾ ನಕ್ಕಳು. “ಹಬ್ಬಕ್ಕೆ ಬರಬೇಡ. ಆಗಸ್ಟ್ 1ಕ್ಕೆ ಬಾ. ಮಾತೆ ಮೇರಿಯ ಉಪವಾಸ 14ರವರೆಗೆ ಇರುತ್ತದೆ. ಬದನೆ, ಬೆಂಡೆ, ಟೊಮೆಟೊ ಎಲ್ಲ ಬಂದಿರುತ್ತೆ. ಬೆಂಡೆಕಾಯಿ ತಿಂತೀಯಲ್ಲ?”