ಡಾಂಬರು ಪೀಪಾಯಿಯ ಮಾಡು

ದೊಡ್ಮನೆ ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಜೂನ್ ತಿಂಗಳಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದು. ಆದುದರಿಂದ ಇಲ್ಲಿ ಮನೆ ಕಟ್ಟುವವನ ಮೊದಲ ಚಿಂತೆ ಮಾಡಿನದು. ಉಳ್ಳವರು ಮಂಗಳೂರು ಹೆಂಚು ಹೊದಿಸಿದರು. ಇಲ್ಲದವರಿಗೆ ಅಡಕೆಯ ಸೋಗೆಯೇ ಗತಿಯಾಗಿತ್ತು. ಸೋಗೆಯ ಮಾಡನ್ನು ವರ್ಷವರ್ಷವೂ ಬಿಚ್ಚಿ ಹೊಸದಾಗಿ ಹೊದಿಸಬೇಕು. ಬೇಸಿಗೆಯಲ್ಲಿ ಸಾಕಷ್ಟು ಸೋಗೆ ಕೂಡಿಡಲಾಗದ ಮನೆಯವರು ಆಷಾಢದ ರಾತ್ರಿಗಳಲ್ಲಿ ಸೋರುವೆಡೆಗೆಲ್ಲ ಪಾತ್ರೆಗಳನ್ನಿಟ್ಟು, ಮಕ್ಕಳನ್ನು ಮೂಲೆಯಿಂದ ಮೂಲೆಗೆ ಎತ್ತಿ ಮಲಗಿಸುತ್ತಿದ್ದರು. ಬೆಂಕಿಯ ಭಯವಂತೂ ಇದ್ದದ್ದೇ.

ಇಂತಹ ಮನೆಗಳಿಗೆ ಆಸರೆಯಾದದ್ದು ರಸ್ತೆಯ ಬದಿಗೆ ಬಿದ್ದಿರುತ್ತಿದ್ದ ಖಾಲಿ ಪೀಪಾಯಿ. ನಾನು ಬಾಲಕನಾಗಿದ್ದಾಗ ಕಾಡಿನ ದಾರಿಗಳಿಗೆ ಒಂದೊಂದಾಗಿ ಡಾಂಬರು ಬೀಳುತ್ತಿತ್ತು. ಅದು ಬರುತ್ತಿದ್ದುದು ಉಕ್ಕಿನ ತಗಡಿನ ಪೀಪಾಯಿಗಳಲ್ಲಿ. ಡಾಂಬರನ್ನು ಕಾಯಿಸಿ ಸುರಿದ ಮೇಲೆ ರಸ್ತೆಯವರಿಗೆ ಪೀಪಾಯಿ ಬೇಡ, ಊರಿನವರಿಗೆ ಬೇಕು. ರಸ್ತೆಯ ಕೂಲಿಗಳ ಬಿಡಾರಗಳೂ ಅದರವೇ.

ಉಳಿಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮೊದಲು ಮುಚ್ಚಳವನ್ನೂ ತಳವನ್ನೂ ಬೇರ್ಪಡಿಸುವರು. ಅನಂತರ ಬೆಸುಗೆಯ ಗುಂಟ ಸೀಳಿ, ನೆಲದ ಮೇಲೆ ಬಿಡಿಸಿ, ಮರದ ಕೊಡತಿಯಿಂದ ಬಡಿದು ಚಪ್ಪಟೆ ಮಾಡುವರು. ಎರಡಡಿಗೆ ತುಸು ಕಡಿಮೆ ವ್ಯಾಸವುಳ್ಳ ಪೀಪಾಯಿಯು ಹೀಗೆ ಸುಮಾರು 6 ಅಡಿ ಉದ್ದ, 3 ಅಡಿ ಅಗಲದ ತಗಡಾಗುತ್ತದೆ. ಪರಿಧಿಯ ಲೆಕ್ಕ ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ತಾಳೆ ನೋಡಬಹುದು. ಬಡಿತದ ಸದ್ದು ಆಚೆಯ ಗುಡ್ಡಕ್ಕೂ ಕೇಳುತ್ತಿತ್ತು. ತಗಡಿನ ಅಂಚು ಕತ್ತಿಯಂತೆ ಹರಿತ. ಕೈ ಕೊಯ್ದುಕೊಳ್ಳದ ಕೆಲಸಗಾರನನ್ನು ನಾನು ಕಂಡಿಲ್ಲ.

ಒಳಮೈಗೆ ಅಂಟಿ ಉಳಿದ ಡಾಂಬರನ್ನು ಯಾರೂ ಕೆರೆದು ತೆಗೆಯುತ್ತಿರಲಿಲ್ಲ. ನೀರೂ ಗಾಳಿಯೂ ಕೂಡಿದಲ್ಲಿ ಕಬ್ಬಿಣವು ತುಕ್ಕು ಹಿಡಿಯುತ್ತದೆ. ಡಾಂಬರಿನ ಲೇಪವು ಎರಡನ್ನೂ ತಡೆಯುತ್ತದೆ. ಆ ಮೈಯನ್ನು ಮೇಲೆ ಮಾಡಿ ಹೊದಿಸಿದ ತಗಡು ಹಲವು ಮಳೆಗಾಲಗಳನ್ನು ತಾಳುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದವರು ಈ ರಸಾಯನಶಾಸ್ತ್ರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸುಖವೇನೂ ಪೂರ್ಣವಲ್ಲ: ಬೇಸಿಗೆಯಲ್ಲಿ ಒಳಗೆ ಕುಲುಮೆಯ ಕಾವು, ಮಳೆಯಲ್ಲಿ ಕಿವಿ ಕಿವುಡಾಗುವ ಸದ್ದು. ನೆರೆಯ ಅಜ್ಜಿಯೊಬ್ಬರು, ಸದ್ದಿಗೆ ನಿದ್ದೆ ಬರುವುದಿಲ್ಲ, ಆದರೆ ಹಾಸಿಗೆ ಒಣಗಿದೆ ಎಂದು ನಗುತ್ತ ಹೇಳಿದ್ದರು.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿಯೂ ನಡೆಯುತ್ತದೆ. ಗುಜರಾತಿನ ಅಲಂಗ್ ಕಡಲತೀರದಲ್ಲಿ 1983ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಿದ್ದಾರೆ. ಅವುಗಳ ಉಕ್ಕಿನ ಹಲಗೆಗಳು ಕಾಯಿಸಿ ಎಳೆದ ಸರಳುಗಳಾಗಿ ಮನೆಗಳ ಕಾಂಕ್ರೀಟಿನೊಳಗೆ ಸೇರುತ್ತವೆ.

ಈಗ ಡಾಂಬರು ಬಹುಮಟ್ಟಿಗೆ ಟ್ಯಾಂಕರುಗಳಲ್ಲಿ ಬರುತ್ತದೆ. ಅಂಗಡಿಯಲ್ಲಿ ಬಣ್ಣದ ತಗಡು ದೊರೆಯುತ್ತದೆ. ಆದರೂ ನಮ್ಮ ಕಡೆಯ ಬಚ್ಚಲಿನ ಮರೆಗೆ, ಸೌದೆ ಕೊಟ್ಟಿಗೆಗೆ ಹಳೆಯ ಪೀಪಾಯಿ ತಗಡು ಇನ್ನೂ ಅಲ್ಲಲ್ಲಿ ಉಂಟು. ಬಿಸಿಲೇರಿದ ಮಧ್ಯಾಹ್ನ ಅದಕ್ಕೆ ಒರಗಿದರೆ ಮೆತ್ತಗಾದ ಡಾಂಬರು ಅಂಗಿಗೆ ಅಂಟುತ್ತದೆ.